ಮಗುವಿನ ಹೊದಿಕೆಗೆ ಐದು ಕಂಬದ ಚಿಪ್ಪು

ಸೀಮಂತ ಮುಗಿಯುತ್ತಿದ್ದಂತೆ ಅಟ್ಟದ ಮೇಲಿನ ಉಲ್ಲನ್ ಚೀಲ ಕೆಳಗಿಳಿಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಕುಲಾವಿ, ಕುಂಚಿಗೆ, ಕಾಲುಚೀಲ ಎಲ್ಲ ಆಗಬೇಕು. ಆದರೆ ಅಜ್ಜಿಯೋ ಅತ್ತೆಯೋ ಮನಸ್ಸಿಟ್ಟು ಕೂರುವುದು ಹೊದಿಕೆಗೆ. ಮಗು ಬೆಳೆದಂತೆ ಕುಲಾವಿ ಎರಡು ತಿಂಗಳಲ್ಲಿ ಚಿಕ್ಕದಾಗುತ್ತದೆ, ಹೊದಿಕೆ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ಅದು ಸಾದಾ ಇರಬಾರದು, ಏನಾದರೂ ಚಂದದ ಡಿಸೈನ್ ಇರಬೇಕು ಎಂಬ ಆಸೆ. ಕ್ರೋಷಾ ಕಡ್ಡಿ ಹಿಡಿಯಲು ಈಗಷ್ಟೇ ಕಲಿತವರೂ ಮೊದಲು ಕೇಳುವ ಪ್ರಶ್ನೆ ಇದೇ: ಯಾವ ಡಿಸೈನ್ ಹಾಕಲಿ?

ನನ್ನ ಉತ್ತರ ಮಗುವಿನ ಕಾಲಿನಿಂದ ಶುರುವಾಗುತ್ತದೆ. ಹುಟ್ಟಿದ ಮಗುವಿನ ಕಾಲಿನ ಕಿರುಬೆರಳಿನ ಅಗಲ ಅರ್ಧ ಸೆಂಟಿಮೀಟರಿನ ಆಸುಪಾಸು. ಆ ಬೆರಳು ನುಗ್ಗುವಷ್ಟು ದೊಡ್ಡ ತೂತು ಹೊದಿಕೆಯಲ್ಲಿದ್ದರೆ ಅದು ನುಗ್ಗಿಯೇ ನುಗ್ಗುತ್ತದೆ, ಏಕೆಂದರೆ ಕಾಲು ಒದೆಯುವುದೇ ಮಗುವಿನ ದಿನದ ಕೆಲಸ. ಸಿಕ್ಕಿಕೊಂಡ ಬೆರಳಿಗೆ ದಾರದ ಎಳೆಯೊಂದು ಸುತ್ತಿದರೆ ರಕ್ತ ಸಂಚಾರ ನಿಂತು ಬೆರಳು ಊದಿಕೊಳ್ಳುತ್ತದೆ. ಕೂದಲೆಳೆಯಿಂದಲೂ ಹೀಗಾಗುವುದು ಮಕ್ಕಳ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಮಗು ಕಾರಣವಿಲ್ಲದೆ ಅಳುತ್ತಿದ್ದರೆ ಬೆರಳುಗಳ ಸಂದಿಯನ್ನೂ ನೋಡಿ ಎಂದು ಅವರು ಹೇಳುವುದು ಇದಕ್ಕೇ. ಹೀಗಾಗಿ ಫೋಟೋದಲ್ಲಿ ಮನ ಸೆಳೆಯುವ ಅನಾನಸ್ ಡಿಸೈನ್, ಜಾಳುಜಾಳಾದ ಜಾಲರಿ, ಉದ್ದ ಚೈನಿನ ಕಮಾನುಗಳು ಮೇಜಿನ ಹೊದಿಕೆಗೋ ಬಾಗಿಲ ತೋರಣಕ್ಕೋ ಇರಲಿ. ಮಣಿ, ಗುಂಡಿ, ಉಲ್ಲನ್ ಉಂಡೆ, ಜೋತಾಡುವ ಕುಚ್ಚು ಕೂಡ ಬೇಡ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು ಅದು.

ಹಾಗಾದರೆ ಚಂದ ಬೇಡವೇ ಎಂದು ಬೇಸರಪಡಬೇಕಿಲ್ಲ. ಶೆಲ್ ಸ್ಟಿಚ್ ಇದೆ. ಒಂದೇ ಕಡೆ ಐದು ಉದ್ದ ಸ್ಟಿಚ್ ಹಾಕಿದಾಗ ಅವು ಕೆಳಗೆ ಕೂಡಿಕೊಂಡು ಮೇಲೆ ಅರಳಿ ಚಿಪ್ಪಿನ ಆಕಾರ ಬರುತ್ತದೆ. ಒಂದು ಸಾಲಿನ ಎರಡು ಚಿಪ್ಪುಗಳ ನಡುವಿನ ಸಂದಿಯಲ್ಲಿ ಮುಂದಿನ ಸಾಲಿನ ಚಿಪ್ಪು ಕೂರುತ್ತದೆ. ಹಳೆಯ ಮನೆಯ ನಾಡಹೆಂಚಿನ ಮಾಡು ನೋಡಿದವರಿಗೆ ಈ ಜೋಡಣೆ ಹೊಸದಲ್ಲ. ಸಂದಿಗಳು ಹೀಗೆ ತಾವಾಗಿ ಮುಚ್ಚಿಕೊಳ್ಳುವುದರಿಂದ ತೂತು ದೊಡ್ಡದಾಗುವುದಿಲ್ಲ. ಹೊದಿಕೆ ದಪ್ಪವಾದರೂ ಮಡಿಚಲು ಮೆತ್ತಗಿರುತ್ತದೆ. ಎರಡು ಬಗೆಯ ಸ್ಟಿಚ್ ಗೊತ್ತಿದ್ದರೆ ಸಾಕು, ಹೊಸಬರಿಗೂ ಒಲಿಯುತ್ತದೆ. ಇಷ್ಟೆಲ್ಲ ಗುಣ ಒಂದೇ ಡಿಸೈನಿನಲ್ಲಿ ಕೂಡಿರುವುದು ಅಪರೂಪ.

ಆ ಎರಡು ಸ್ಟಿಚ್‌ಗಳನ್ನು ಮೊದಲು ನೋಡೋಣ. ಕಡ್ಡಿಯಲ್ಲಿ ಒಂದು ಕುಣಿಕೆ ಸದಾ ಇದ್ದೇ ಇರುತ್ತದೆ. ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಆ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನ್. ಕಡ್ಡಿಯನ್ನು ಕೆಳಗಿನ ಸ್ಟಿಚ್‌ನೊಳಗೆ ಚುಚ್ಚಿ ದಾರ ಎಳೆದುಕೊಂಡು, ಕಡ್ಡಿಯ ಮೇಲಿನ ಎರಡೂ ಕುಣಿಕೆಗಳಿಂದ ಒಂದೇ ಸಲ ಹೊರತಂದರೆ ಗಿಡ್ಡ ಸ್ಟಿಚ್, ಅಂದರೆ ಸಿಂಗಲ್ ಕ್ರೋಷಾ. ಚುಚ್ಚುವ ಮೊದಲೇ ಕಡ್ಡಿಗೆ ದಾರವನ್ನು ಒಂದು ಸುತ್ತು ಹಾಕಿಕೊಂಡರೆ ಕಡ್ಡಿಯ ಮೇಲೆ ಮೂರು ಕುಣಿಕೆ ಆಗುತ್ತವೆ. ಮೊದಲು ಎರಡರಿಂದ, ಆಮೇಲೆ ಉಳಿದ ಎರಡರಿಂದ ದಾರ ಹೊರತಂದಾಗ ಎದ್ದು ನಿಲ್ಲುವುದೇ ಕಂಬ, ಅಂದರೆ ಡಬಲ್ ಕ್ರೋಷಾ. ಇಡೀ ಹೊದಿಕೆ ನಿಂತಿರುವುದು ಈ ಗಿಡ್ಡ ಸ್ಟಿಚ್ ಮತ್ತು ಕಂಬಗಳ ಮೇಲೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಾನು ಹೇಳುತ್ತಿರುವುದು ಅಮೆರಿಕದ ಲೆಕ್ಕ, ಯೂಟ್ಯೂಬಿನ ಬಹುಪಾಲು ಪಾಠಗಳೂ ಅದೇ ಲೆಕ್ಕದವು. ಬ್ರಿಟಿಷ್ ಪುಸ್ತಕಗಳಲ್ಲಿ ಇದೇ ಕಂಬವನ್ನು ಟ್ರೆಬಲ್ ಎಂದೂ ಗಿಡ್ಡ ಸ್ಟಿಚ್ಚನ್ನು ಡಬಲ್ ಎಂದೂ ಬರೆದಿರುತ್ತಾರೆ. ಅಮ್ಮನ ಕಾಲದ ಹಳೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ವಿಡಿಯೋ ನೋಡಿ ಕಲಿತ ಕೈಯಿಂದ ಹಾಕಲು ಹೊರಟರೆ ಚಿಪ್ಪಿನ ಆಕಾರವೇ ಕೆಡುತ್ತದೆ. ಪುಸ್ತಕದ ಮೊದಲ ಪುಟಗಳಲ್ಲಿ ಸ್ಟಿಚ್‌ಗಳ ಚಿತ್ರ ಇದ್ದೇ ಇರುತ್ತದೆ, ಹೆಸರು ಬಿಟ್ಟು ಚಿತ್ರವನ್ನು ನಂಬಿ.

ಈಗ ಅಳತೆ. ತೊಡೆಯ ಮೇಲೆ, ತಳ್ಳುಗಾಡಿಯಲ್ಲಿ, ನೆಲದ ಮೇಲೆ ಬಳಸಲು 75 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದ ಸಾಕು. ಇದಕ್ಕಿಂತ ದೊಡ್ಡದಾದರೆ ಎತ್ತಿಕೊಂಡಾಗ ಕಾಲಿಗೆ ತೊಡರುತ್ತದೆ. ತೀರಾ ದಪ್ಪವೂ ತೀರಾ ತೆಳುವೂ ಅಲ್ಲದ ದಾರ, 4 ಮಿ.ಮೀ. ಕಡ್ಡಿ ತೆಗೆದುಕೊಳ್ಳಿ. ನೇರವಾಗಿ ಹೊದಿಕೆಗೆ ಕೈ ಹಾಕದೆ, ಮೊದಲು 20 ಚೈನ್ ಹಾಕಿ ಮೂರು ಚಿಪ್ಪಿನ ಅಗಲದ ಒಂದು ತುಣುಕು ಮಾಡಿ. ಆರೇಳು ಸಾಲು ಬರಲಿ. ಅದನ್ನು ಒಗೆದು, ಒಣಗಿಸಿ, ನಡುವಿನ ಚಿಪ್ಪಿನ ಅಗಲ ಅಳೆಯಿರಿ. ಒಗೆಯದೆ ಅಳೆದರೆ ಪ್ರಯೋಜನವಿಲ್ಲ, ಹತ್ತಿ ನೂಲು ನೀರು ಕಂಡ ಮೇಲೆ ಕುಗ್ಗುತ್ತದೆ. ಚಿಪ್ಪು 3.5 ಸೆಂ.ಮೀ. ಬಂದಿತು ಎನ್ನಿ. 75ಕ್ಕೆ 21 ಚಿಪ್ಪು ಹಿಡಿಯುತ್ತದೆ. ಒಂದು ಚಿಪ್ಪಿಗೆ 6 ಚೈನಿನಂತೆ 126, ಅದಕ್ಕೆ 2 ಸೇರಿಸಿ 128 ಚೈನ್. ನಿಮ್ಮ ಕೈ ಬಿಗಿಯಾಗಿದ್ದು ಚಿಪ್ಪು 3 ಸೆಂ.ಮೀ. ಬಂದರೆ 25 ಚಿಪ್ಪು, 152 ಚೈನ್. ಬೇರೆಯವರ ಕೈಯ ಲೆಕ್ಕವನ್ನು ಎರವಲು ಪಡೆಯದೆ ನಿಮ್ಮ ತುಣುಕು ಹೇಳಿದ ಲೆಕ್ಕವನ್ನೇ ಹಿಡಿಯಿರಿ.

ಬುಡದ ಈ ಚೈನನ್ನು ಮಾತ್ರ ಅರ್ಧ ಮಿ.ಮೀ. ದೊಡ್ಡ ಕಡ್ಡಿಯಲ್ಲಿ ಹಾಕುವುದು ಒಳ್ಳೆಯದು. ಬುಡ ಬಿಗಿಯಾದರೆ ಮೇಲೆ ಎಷ್ಟೇ ಸಡಿಲವಾಗಿ ಹಾಕಿದರೂ ಹೊದಿಕೆಯ ಕೆಳ ಅಂಚು ಸೊಂಟ ಕಟ್ಟಿದ ಹಾಗೆ ಎಳೆದುಕೊಂಡೇ ಇರುತ್ತದೆ.

ಮೊದಲ ಸಾಲು. ಕಡ್ಡಿಯಿಂದ ಎರಡನೇ ಚೈನಿಗೆ ಒಂದು ಗಿಡ್ಡ ಸ್ಟಿಚ್. ಎರಡು ಚೈನ್ ಬಿಡಿ. ಮೂರನೆಯದರಲ್ಲಿ ಐದು ಕಂಬ ಹಾಕಿ, ಐದೂ ಅದೇ ಚೈನಿನೊಳಗೆ. ಮತ್ತೆ ಎರಡು ಚೈನ್ ಬಿಟ್ಟು ಮೂರನೆಯದಕ್ಕೆ ಗಿಡ್ಡ ಸ್ಟಿಚ್. ಒಂದು ಚಿಪ್ಪು ಆಯಿತು. ಕೊನೆಯವರೆಗೆ ಇದನ್ನೇ ಮಾಡುತ್ತ ಹೋದರೆ ಸಾಲಿನ ಕಡೆಯ ಚೈನಿನಲ್ಲಿ ಸರಿಯಾಗಿ ಒಂದು ಗಿಡ್ಡ ಸ್ಟಿಚ್ ಬಂದು ಕೂರುತ್ತದೆ. ಬರಲಿಲ್ಲವಾದರೆ ಬುಡದ ಎಣಿಕೆಯಲ್ಲೇ ತಪ್ಪಿದೆ ಎಂದರ್ಥ. ಈಗಲೇ ಬಿಚ್ಚುವುದು ಸುಲಭ. ಐದೈದು ಕಂಬ ಒಂದೇ ತೂತಿಗೆ ತುಂಬುವಾಗ ಎಡಗೈಯ ಹೆಬ್ಬೆರಳಿನಿಂದ ಹಾಕಿದ ಕಂಬಗಳನ್ನು ಬಲಕ್ಕೆ ಸರಿಸುತ್ತ ಹೋದರೆ ಮುಂದಿನದಕ್ಕೆ ಜಾಗ ಸಿಗುತ್ತದೆ, ಕಂಬಗಳೂ ಒಂದರ ಮೇಲೊಂದು ಹತ್ತುವುದಿಲ್ಲ.

ಎರಡನೇ ಸಾಲಿನಲ್ಲಿ ಜಾಗಗಳು ಅದಲುಬದಲಾಗುತ್ತವೆ. ತಿರುಗಿಸಿ ಮೂರು ಚೈನ್ ಹಾಕಿ, ಅದು ಮೊದಲ ಕಂಬಕ್ಕೆ ಸಮ. ಅದೇ ಬುಡದಲ್ಲಿ ಇನ್ನೆರಡು ಕಂಬ. ಇದು ಅಂಚಿನ ಅರ್ಧ ಚಿಪ್ಪು. ಆಮೇಲೆ ಕೆಳಗಿನ ಚಿಪ್ಪಿನ ನಡುಕಂಬದ ತಲೆಯ ಮೇಲೆ ಗಿಡ್ಡ ಸ್ಟಿಚ್, ಕೆಳಗಿನ ಗಿಡ್ಡ ಸ್ಟಿಚ್‌ನೊಳಗೆ ಐದು ಕಂಬ. ಹೀಗೇ ಸಾಗಿ ಕಡೆಯ ಗಿಡ್ಡ ಸ್ಟಿಚ್‌ನಲ್ಲಿ ಮೂರು ಕಂಬ ಹಾಕಿ ಇನ್ನೊಂದು ಅಂಚಿನ ಅರ್ಧ ಚಿಪ್ಪು ಮುಗಿಸಿ. ಮೂರನೇ ಸಾಲಿಗೆ ಒಂದು ಚೈನ್, ಮೊದಲ ಕಂಬದ ಮೇಲೆ ಗಿಡ್ಡ ಸ್ಟಿಚ್, ಮುಂದಿನ ಗಿಡ್ಡ ಸ್ಟಿಚ್‌ನಲ್ಲಿ ಪೂರ್ತಿ ಚಿಪ್ಪು. ಸಾಲಿನ ಕೊನೆಯ ಗಿಡ್ಡ ಸ್ಟಿಚ್ ಹಿಂದಿನ ಸಾಲಿನ ಮೂರು ಚೈನಿನ ನೆತ್ತಿಯ ಮೇಲೆ ಬರಬೇಕು. ಎರಡು ಮತ್ತು ಮೂರನೇ ಸಾಲುಗಳನ್ನೇ ಕೊನೆಯವರೆಗೆ ಮಾಡುತ್ತ ಹೋಗುವುದು.

ನನಗೆ ಈ ಡಿಸೈನಿನಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಅದರ ಜಮಾಖರ್ಚು. ಒಂದು ಚಿಪ್ಪಿಗೆ ಬುಡದಲ್ಲಿ ಆರು ಚೈನ್ ಖರ್ಚಾಗುತ್ತದೆ: ಬಿಟ್ಟ ಎರಡು, ಕಂಬಗಳು ಕೂತ ಒಂದು, ಮತ್ತೆ ಬಿಟ್ಟ ಎರಡು, ಗಿಡ್ಡ ಸ್ಟಿಚ್ಚಿನ ಒಂದು. ಮೇಲೆ ಜಮೆಯಾಗುವುದೂ ಆರೇ: ಐದು ಕಂಬ, ಒಂದು ಗಿಡ್ಡ ಸ್ಟಿಚ್. 21 ಚಿಪ್ಪಿನ ಸಾಲಿನಲ್ಲಿ 127 ಸ್ಟಿಚ್. ಎರಡನೇ ಸಾಲಿನಲ್ಲಿ ಪೂರ್ತಿ ಚಿಪ್ಪು 20ಕ್ಕೆ ಇಳಿದರೂ ಎರಡು ಅಂಚಿನ ಮೂರು ಮೂರು ಕಂಬ, 21 ಗಿಡ್ಡ ಸ್ಟಿಚ್ ಕೂಡಿದರೆ ಮತ್ತೆ 127. ಎಷ್ಟು ಸಾಲು ಹಾಕಿದರೂ ಈ ಸಂಖ್ಯೆ ಕದಲುವುದಿಲ್ಲ, ಹಾಗಾಗಿಯೇ ಹೊದಿಕೆ ಚಪ್ಪಟೆಯಾಗಿ ಮಲಗುತ್ತದೆ. ಡಿಸೈನ್ ಎಂದರೆ ಬಟ್ಟೆ ಆದ ಮೇಲೆ ಮೇಲಿನಿಂದ ಅಂಟಿಸಿದ ಅಲಂಕಾರ ಎಂದುಕೊಳ್ಳುತ್ತೇವೆ. ಇಲ್ಲಿ ಬಟ್ಟೆಯನ್ನು ಕಟ್ಟಿದ ರೀತಿಯೇ ಅಲಂಕಾರವಾಗಿದೆ, ಕಿತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ.

ಧಾರವಾಡದ ಮನೆಯೊಂದರ ಪಡಸಾಲೆಯಲ್ಲಿ ಇದನ್ನೇ ಕಲಿಸುತ್ತಿದ್ದ ಹಿರಿಯರೊಬ್ಬರನ್ನು ನೋಡಿದ್ದೇನೆ. ಕಲಿಯುತ್ತಿದ್ದ ಹುಡುಗಿ ಕೇಳಿದಳು: "ಕಾಕು, ಐದರ ಬದಲಿ ಏಳು ಹಾಕಿದ್ರ ಇನ್ನೂ ಚಂದ ಕಾಣಂಗಿಲ್ಲೇನ್ರಿ?" ಅವರು ಕನ್ನಡಕ ಮೇಲೇರಿಸಿ ಅವಳ ಕೈಲಿದ್ದ ತುಣುಕನ್ನು ತೊಡೆಯ ಮೇಲೆ ಹರವಿ ಅಂಗೈಯಿಂದ ಒತ್ತಿದರು. ಒತ್ತಿದಾಗ ಕೂತ ಚಿಪ್ಪು ಕೈ ಎತ್ತಿದೊಡನೆ ಎದ್ದಿತು. "ಕಾಣತೈತಿ, ಆದ್ರ ಕುಂದ್ರಂಗಿಲ್ಲ. ನೋಡಿಲ್ಲೆ, ಹೆಂಗ ನಡುವ ಉಬ್ಬಿ ನಿಂತೈತಿ. ಏಳ ಹಾಕಬೇಕಂದ್ರ ಬುಡದಾಗ ಮೂರು ಮೂರು ಬಿಟ್ಟಿರಬೇಕು. ಬಿಚ್ಚು ತಂಗಿ, ಐದ ಹಾಕು." ಹುಡುಗಿ ಬಿಚ್ಚಿದಳು. ಎಂಟು ಚೈನ್ ಖರ್ಚಿಗೆ ಏಳು ಕಂಬ, ಒಂದು ಗಿಡ್ಡ ಸ್ಟಿಚ್; ಆರಕ್ಕೆ ಐದು, ಒಂದು. ಕಾಕು ಒಂದೇ ಮಾತಿನಲ್ಲಿ ಇಡೀ ಸೂತ್ರ ಹೇಳಿಬಿಟ್ಟಿದ್ದರು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದೂ ಸೊಗಸಾದ ವಿಷಯವೇ. ಅಂಚಿನಲ್ಲಿ ಅರ್ಧ ಚಿಪ್ಪಿನ ಬದಲು ಪೂರ್ತಿ ಚಿಪ್ಪು ಹಾಕುತ್ತ ಹೋದರೆ ಅಂಚು ನೆರಿಗೆ ನೆರಿಗೆಯಾಗಿ ಹೊರಚಾಚುತ್ತದೆ. ಅರ್ಧ ಚಿಪ್ಪನ್ನೇ ಮರೆತರೆ ಹೊದಿಕೆ ಸಾಲಿನಿಂದ ಸಾಲಿಗೆ ಕಿರಿದಾಗಿ ಕೊನೆಗೆ ಮುಕ್ಕೋನವಾಗುತ್ತದೆ. ಸ್ಟಿಚ್ ಹೆಚ್ಚುತ್ತ ಹೋದಂತೆ ಬಟ್ಟೆ ನೆರಿಗೆಗಟ್ಟುವ ಈ ಗುಣವನ್ನೇ ಹಿಡಿದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಒಂದು ದೊಡ್ಡ ಕೆಲಸ ಮಾಡಿದರು. ಅಂಚಿಗೆ ಹೋದಂತೆ ಹೀಗೇ ನೆರಿಗೆಗಟ್ಟುತ್ತ ಹರಡುವ ಹೈಪರ್ಬೋಲಿಕ್ ಜ್ಯಾಮಿತಿಯ ತಲವನ್ನು ಕೈಯಲ್ಲಿ ಹಿಡಿದು ತೋರಿಸುವಂತೆ ಮಾಡುವುದು ಕಷ್ಟವಾಗಿತ್ತು, ಕಾಗದದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು. ಅವರು ಇಂತಿಷ್ಟು ಸ್ಟಿಚ್ಚಿಗೆ ಒಂದು ಹೆಚ್ಚು ಎಂಬ ಒಂದೇ ನಿಯಮ ಹಿಡಿದು ಕ್ರೋಷಾದಲ್ಲಿ ಅದನ್ನು ಹಾಕಿದರು. ವಿದ್ಯಾರ್ಥಿಗಳು ಅದನ್ನು ಮಡಿಚಿ, ಮುಟ್ಟಿ ಪಾಠ ಕಲಿತರು. ನಮ್ಮ ಅಡುಗೆಮನೆ ಪಕ್ಕದ ಕೋಣೆಗಳಲ್ಲಿ ನಡೆಯುವ ಎಣಿಕೆಗೆ ಗಣಿತದ ಮರ್ಯಾದೆ ಇದೆ ಎಂದು ನಾನು ಹೇಳುವುದು ಇದೇ ಧೈರ್ಯದ ಮೇಲೆ.

ಇನ್ನು ದಾರ. ಈ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ನಿಮ್ಮ ಊರಿನ ಹವೆಯನ್ನು ಕೇಳಿ. ರಾಯಚೂರು, ಕಲಬುರಗಿ, ಬಳ್ಳಾರಿಯ ಕಡೆ ಹತ್ತಿಯದ್ದೇ ಸರಿ. ಬೆವರು ಹೀರುತ್ತದೆ, ಬಿಸಿನೀರಿನಲ್ಲಿ ಒಗೆಯಬಹುದು, ಒಗೆದಷ್ಟೂ ಮೆತ್ತಗಾಗುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಮಳೆಗಾಲಕ್ಕೆ ಹತ್ತಿ ಬೇಗ ಒಣಗುವುದಿಲ್ಲ, ಅಲ್ಲಿ ಅಕ್ರಿಲಿಕ್‌ಗೆ ಅನುಕೂಲ ಇದೆ. ನಾವು ಉಲ್ಲನ್ ಎಂದು ಕರೆದು ಕೊಳ್ಳುವ ಬಹುಪಾಲು ಉಂಡೆಗಳಲ್ಲಿ ಕುರಿಯ ಉಣ್ಣೆ ಇರುವುದಿಲ್ಲ, ಅದು ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್ ಎಳೆ. ಹಗುರ, ಅಗ್ಗ, ಬಣ್ಣ ಬಿಡುವುದಿಲ್ಲ. ಆದರೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಬಾಣಂತಿ ಕೋಣೆಗಳಲ್ಲಿ ಎಣ್ಣೆ ನೀರು ಆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಮಗುವಿನ ತಲೆಗೆ ಹೊಗೆ ಕೊಡುವ ರೂಢಿ ಇನ್ನೂ ಇದೆ. ಅಂಥ ಮನೆಗೆ ಅಕ್ರಿಲಿಕ್ ಹೊದಿಕೆ ಕೊಡಲೇಬಾರದು. ಹತ್ತಿ ಕೂಡ ಸುಡುತ್ತದೆ ನಿಜ, ಆದರೆ ಕರಗಿ ಮೈಗೆ ಮೆತ್ತಿಕೊಳ್ಳುವುದಿಲ್ಲ. ಕೆಂಡದ ಹತ್ತಿರ ಯಾವ ಹೊದಿಕೆಯೂ ಬೇಡ ಎನ್ನುವುದು ಇನ್ನೂ ಒಳ್ಳೆಯ ಮಾತು.

ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಹೆಸರಾದದ್ದು, ಅದರ ಒರಟು ಎಳೆ ಕೂಸಿನ ಚರ್ಮಕ್ಕೆ ಚುಚ್ಚುತ್ತದೆ. ಬಣ್ಣದ ಹತ್ತಿ ತಂದರೆ ಒಂದು ಮೊಳ ದಾರವನ್ನು ಬಿಸಿನೀರಿನಲ್ಲಿ ನೆನೆಸಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಕೆಂಪು, ಕಡುನೀಲಿ ಬಣ್ಣ ಬಿಡುವುದು ಹೆಚ್ಚು, ಮಗು ಚೀಪುವುದು ಹೊದಿಕೆಯ ಅಂಚನ್ನೇ. 75 x 90ರ ಹೊದಿಕೆಗೆ 350ರಿಂದ 450 ಗ್ರಾಂ ದಾರ ಬೇಕಾದೀತು. ಎಲ್ಲವನ್ನೂ ಒಟ್ಟಿಗೇ ಕೊಳ್ಳಿ, ಲೇಬಲ್ಲಿನ ಮೇಲಿನ ಲಾಟ್ ನಂಬರ್ ಒಂದೇ ಇರಲಿ. ಒಂದೇ ಬಿಳಿ ಎಂದು ತಂದ ಎರಡು ಲಾಟಿನ ದಾರ ಹಗಲು ಬೆಳಕಿನಲ್ಲಿ ಪಟ್ಟೆಯಾಗಿ ಕಾಣುತ್ತದೆ.

ಹೊದಿಕೆ ಬಾಳುವುದೂ ಬಾಳದಿರುವುದೂ ದಾರದ ತುದಿಗಳಲ್ಲಿದೆ. ಹೊಸ ಉಂಡೆ ಜೋಡಿಸುವಾಗ ಗಂಟು ಹಾಕುವುದು ಎಲ್ಲರಿಗೂ ಬರುವ ಮೊದಲ ಯೋಚನೆ. ಗಂಟು ಮಗುವಿನ ಬೆನ್ನಿಗೆ ಒತ್ತುತ್ತದೆ, ಕೆಲವು ಸಲ ಒಗೆತಕ್ಕೆ ಬಿಚ್ಚಿಕೊಂಡೂ ಬಿಡುತ್ತದೆ. ಅದರ ಬದಲು ಸಾಲಿನ ಕೊನೆಯ ಸ್ಟಿಚ್ಚಿನ ಕೊನೆಯ ಎಳೆತದಲ್ಲಿ ಹೊಸ ದಾರ ತನ್ನಿ. ಎರಡೂ ದಾರದ ತುದಿ ಒಂದು ಗೇಣಿನಷ್ಟು ಬಿಡಿ. ಮೊಂಡು ಮೂತಿಯ ದಪ್ಪ ಸೂಜಿಗೆ ಪೋಣಿಸಿ, ಚಿಪ್ಪಿನ ಕಂಬಗಳ ಬುಡದಲ್ಲಿ ಮೊದಲು ಒಂದು ದಿಕ್ಕಿಗೆ, ಆಮೇಲೆ ಒಂದು ಎಳೆ ಬಿಟ್ಟು ಹಿಂದಕ್ಕೆ, ಮತ್ತೆ ಮುಂದಕ್ಕೆ ತೂರಿಸಿ. ಹೀಗೆ ದಿಕ್ಕು ಬದಲಿಸುತ್ತ ಮೂರು ಸಲ ತೂರಿಸಿದ ತುದಿ ಎಷ್ಟೇ ಒಗೆದರೂ ಹೊರಗೆ ಬರುವುದಿಲ್ಲ. ಎಲ್ಲ ಮುಗಿದ ಮೇಲೆ ಸುತ್ತಲೂ ಒಂದೆರಡು ಸಾಲು ಗಿಡ್ಡ ಸ್ಟಿಚ್ಚಿನ ಅಂಚು ಕಟ್ಟಬೇಕು. ಮೂಲೆಯಲ್ಲಿ ಒಂದೇ ಜಾಗಕ್ಕೆ ಮೂರು ಹಾಕಿ, ಇಲ್ಲದಿದ್ದರೆ ಮೂಲೆ ಒಳಕ್ಕೆ ಮಡಿಚಿಕೊಳ್ಳುತ್ತದೆ. ಅಕ್ರಿಲಿಕ್ ಹೊದಿಕೆಗೆ ಇಸ್ತ್ರಿ ತಾಗಿಸಬೇಡಿ, ಒಮ್ಮೆ ಬಿಸಿಗೆ ಸೋತ ಎಳೆ ಮತ್ತೆ ಎದ್ದು ನಿಲ್ಲುವುದಿಲ್ಲ.

ಮನೆಗೆಲಸದ ನಡುವೆ ಕ್ರೋಷಾ ಇಷ್ಟು ಒಗ್ಗಿರುವುದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆ ಜೀವಂತವಾಗಿರುತ್ತವೆ, ಕಡ್ಡಿ ಜಾರಿತೆಂದರೆ ಎಲ್ಲ ಕುಣಿಕೆಗಳೂ ಕೆಳಗಿಳಿಯಲು ಕಾದಿರುತ್ತವೆ. ಕ್ರೋಷಾದಲ್ಲಿ ಯಾವ ಹೊತ್ತಿನಲ್ಲೂ ಬಿಚ್ಚುವ ಸ್ಥಿತಿಯಲ್ಲಿರುವುದು ಒಂದೇ ಕುಣಿಕೆ. ಹಾಲು ಉಕ್ಕಿತು, ಕುಕ್ಕರ್ ಕೂಗಿತು, ಬಾಗಿಲು ಬಡಿದರು, ಆ ಒಂದು ಕುಣಿಕೆಯನ್ನು ಉದ್ದಕ್ಕೆ ಎಳೆದಿಟ್ಟು ಎದ್ದು ಹೋಗಬಹುದು. ತಪ್ಪಾಯಿತೆಂದರೆ ಎಳೆದು ಬಿಚ್ಚಿ ಅದೇ ದಾರದಲ್ಲಿ ಮತ್ತೆ ಹಾಕಬಹುದು, ಚೂರೂ ಪೋಲಾಗುವುದಿಲ್ಲ. ಬಿಡುವು ತುಂಡುತುಂಡಾಗಿ ಸಿಗುವ ಹೆಂಗಸರ ಕೈಗೆ ಈ ಕಲೆ ಬಂದು ಸೇರಿದ್ದು ಸುಮ್ಮನೆ ಅಲ್ಲ.

ಅದು ಬಂದ ದಾರಿಯನ್ನೂ ಹೇಳಬೇಕು, ಏಕೆಂದರೆ ಆ ದಾರಿಯಲ್ಲಿ ಹಸಿವಿದೆ. ನೇಯ್ಗೆ, ಹೆಣಿಗೆಗಳಿಗೆ ಹೋಲಿಸಿದರೆ ಕ್ರೋಷಾ ಎಳೆಯದು. ಯುರೋಪಿನಲ್ಲಿ ಅಚ್ಚಾದ ಡಿಸೈನುಗಳು ಸಿಗುವುದು 19ನೇ ಶತಮಾನದ ಮೊದಲ ದಶಕಗಳಿಂದ ಈಚೆಗೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬರ ಬಂದಾಗ ಕಾರ್ಕ್ ಬಳಿಯ ಕ್ರೈಸ್ತ ಸನ್ಯಾಸಿನಿಯರು, ಕ್ಲೋನ್ಸ್ ಊರಿನ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ ಮೊದಲಾದವರು ಬಡ ಹೆಂಗಸರಿಗೆ ಕ್ರೋಷಾ ಕಲಿಸಿದರು. ಇಟಲಿಯ ದುಬಾರಿ ಸೂಜಿ ಲೇಸಿನಂತೆ ಕಾಣುವುದನ್ನು ಒಂದು ಕೊಕ್ಕೆ, ಒಂದು ಉಂಡೆ ದಾರದಿಂದ ಬೇಗ ಮಾಡಬಹುದಿತ್ತು. ಗುಲಾಬಿ ಒಂದು ಮನೆಯವರದು, ಎಲೆ ಇನ್ನೊಂದು ಮನೆಯವರದು, ಹೀಗೆ ಭಾಗ ಹಂಚಿಕೊಂಡು ಹಾಕಿ, ಕೊನೆಗೆ ಎಲ್ಲವನ್ನೂ ಜೋಡಿಸಿ ಮಾರುತ್ತಿದ್ದರು. ಎಷ್ಟೋ ಮನೆಗಳ ಒಲೆ ಉರಿದದ್ದು ಈ ದುಡ್ಡಿನಿಂದ.

ನಮ್ಮ ಪಕ್ಕದ ಆಂಧ್ರಕ್ಕೂ ಅದೇ ಶತಮಾನದಲ್ಲಿ ಮಿಷನರಿಗಳು ಇದನ್ನು ತಂದರು. ಪಶ್ಚಿಮ ಗೋದಾವರಿಯ ನರಸಾಪುರದ ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ಹೆಂಗಸರು ತಲೆಮಾರುಗಳಿಂದ ಲೇಸು ಹಾಕುತ್ತಿದ್ದಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಲೇಸು ದೇಶ ದಾಟಿ ಹೋಗುತ್ತಿತ್ತು, ವ್ಯಾಪಾರಿಗಳು ಬೆಳೆಯುತ್ತಿದ್ದರು. ಹಾಕುವವರನ್ನು ಮಾತ್ರ ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಮನೆಯಲ್ಲಿ ಕೂತ ಗೃಹಿಣಿಯರು ಹೊತ್ತು ಕಳೆಯಲು ಮಾಡುವುದು ಎಂಬ ಮಾತಿನಿಂದಲೇ ಅವರ ಕೂಲಿ ಕೆಳಗೆ ಉಳಿದಿತ್ತು. ಆ ಮಾತು ಇವತ್ತಿಗೂ ಸತ್ತಿಲ್ಲ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಮಗುವಿನ ಹೊದಿಕೆ ಹಾಕಿಕೊಡುವ ಹೆಂಗಸಿನ ಮುಂದೆ "ದಾರಕ್ಕೆ ಎಷ್ಟಾಯಿತು ಹೇಳಿ, ಅದರ ಮೇಲೆ ಏನಾದರೂ ಕೊಡೋಣ" ಎನ್ನುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆ "ಏನಾದರೂ" ಎಷ್ಟಿರಬೇಕು ಎಂದು ನಮ್ಮ ಹೊದಿಕೆಯಿಂದಲೇ ತಿಳಿಯಬಹುದು. ಸಾಲಿಗೆ 127 ಸ್ಟಿಚ್, 90 ಸೆಂ.ಮೀ. ಉದ್ದಕ್ಕೆ ಸುಮಾರು 75 ಸಾಲು. ಒಟ್ಟು 9,525 ಸ್ಟಿಚ್. ನಿಮಿಷಕ್ಕೆ ಹತ್ತರಂತೆ ಹಿಡಿದರೆ ಸುಮಾರು 16 ಗಂಟೆ. ಬುಡದ ಚೈನ್, ಬಿಚ್ಚಿ ಹಾಕಿದ್ದು, ತುದಿ ತೂರಿಸಿದ್ದು, ಅಂಚು ಕಟ್ಟಿದ್ದು, ಒಗೆದು ಹರವಿದ್ದು ಇದರಲ್ಲಿ ಸೇರಿಲ್ಲ. ಎರಡು ಇಡೀ ದಿನದ ಕೂಲಿಗಿಂತ ಕಡಿಮೆ ಕೊಟ್ಟರೆ ಅದು ಅನ್ಯಾಯ. ಇನ್ನೂ ಒಂದು ವಿಷಯ. ಹೆಣಿಗೆಗೆ ಯಂತ್ರ ಬಂದು ಶತಮಾನಗಳಾದವು, ನಿಜವಾದ ಕ್ರೋಷಾ ಹಾಕುವ ಯಂತ್ರ ಕಾರ್ಖಾನೆಗಳ ಬಳಕೆಗೆ ಬಂದಿಲ್ಲ. ಯಂತ್ರದ ಕ್ರೋಷಾ ಎಂದು ಮಾರುವ ಬಟ್ಟೆ ಹಾಗೆ ಕಾಣುವಂತೆ ಹೆಣೆದ ಬೇರೆ ಜಾತಿಯ ಬಟ್ಟೆ. ಮಾಲ್‌ನಲ್ಲಿ ಬಲು ಅಗ್ಗಕ್ಕೆ ಅಪ್ಪಟ ಕ್ರೋಷಾ ಉಡುಪು ಸಿಕ್ಕಿತೆಂದರೆ ಅದನ್ನೂ ಯಾರೋ ಒಬ್ಬರು ಕೈಯಲ್ಲೇ ಹಾಕಿದ್ದಾರೆ, ಅವರಿಗೆ ಸಿಕ್ಕಿದ್ದೆಷ್ಟು ಎಂಬುದು ಆ ಬೆಲೆಯಲ್ಲೇ ಗೊತ್ತಾಗುತ್ತದೆ.

ಈ ಕೈಗಳು ಒಟ್ಟು ಸೇರಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ನೆರೆಯಲ್ಲೇ ಸಾಕ್ಷಿ ಇದೆ. 2016ರ ಜನವರಿ 31ರಂದು ಚೆನ್ನೈನಲ್ಲಿ 'ಮದರ್ ಇಂಡಿಯಾಸ್ ಕ್ರೋಷೆ ಕ್ವೀನ್ಸ್' ಬಳಗದ ಹೆಂಗಸರು ತಾವು ಹಾಕಿದ ತುಂಡುಗಳನ್ನು ಕೂಡಿಸಿ 11,148.5 ಚದರ ಮೀಟರಿನ ಹೊದಿಕೆ ಹರವಿ ಗಿನ್ನೆಸ್ ದಾಖಲೆ ಮಾಡಿದರು.

ಮತ್ತೆ ಮಗುವಿನ ಹತ್ತಿರ ಬರೋಣ. ಹೊದಿಕೆ ಎಷ್ಟೇ ಅಕ್ಕರೆಯದಿರಲಿ, ಒಂದು ವರ್ಷ ತುಂಬುವ ತನಕ ಮಗು ನಿದ್ದೆ ಮಾಡುವಾಗ ಅದನ್ನು ಸಡಿಲವಾಗಿ ಹೊದಿಸಿ ಹೋಗಬಾರದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸೂಚನೆಗಳಲ್ಲೂ ಮಗು ಮಲಗುವ ಜಾಗದಲ್ಲಿ ಸಡಿಲ ಹೊದಿಕೆ, ದಿಂಬು, ಮೆತ್ತನೆ ಆಟಿಕೆ ಬೇಡವೆಂದಿದೆ. ಮುಖದ ಮೇಲೆ ಬಂದ ಬಟ್ಟೆಯನ್ನು ಸರಿಸುವ ಶಕ್ತಿ ಕೂಸಿಗೆ ಇರುವುದಿಲ್ಲ. ಕ್ರೋಷಾದಲ್ಲಿ ಗಾಳಿಯಾಡುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳುವುದು ತಪ್ಪು. ಹಾಗಾದರೆ ಹಾಕಿದ್ದು ಯಾವುದಕ್ಕೆ? ಎಣ್ಣೆ ನೀರು ಆದ ಮೇಲೆ ತೊಡೆಯ ಮೇಲೆ ಸುತ್ತಿಕೊಳ್ಳಲು. ಲಸಿಕೆಗೆ ಆಸ್ಪತ್ರೆಗೆ ಹೊರಟಾಗ ಗಾಳಿಗೆ ಅಡ್ಡ ಹಿಡಿಯಲು. ಮೂರು ನಾಲ್ಕು ತಿಂಗಳಿಗೆ ಬೋರಲು ಬೀಳಲು ಶುರು ಮಾಡಿದಾಗ ನೆಲಕ್ಕೆ ಹಾಸಲು. ಆಗ ಉಬ್ಬುತಗ್ಗಾದ ಚಿಪ್ಪುಗಳ ಮೇಲೆ ಮಗು ಬೆರಳಾಡಿಸುವುದನ್ನು ನೋಡಬೇಕು. ವರ್ಷ ದಾಟಿದ ಮೇಲೆ ಅದೇ ಹೊದಿಕೆ ನಿದ್ದೆಗೂ ಬಂದೀತು.

ಎತ್ತಿಡುವ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕಾದ್ದಿದೆ. ಮೊದಲ ಮೊಮ್ಮಗುವಿನ ಹೊದಿಕೆಯನ್ನು ಎರಡನೆಯದಕ್ಕೆಂದು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಡುವ ಅಭ್ಯಾಸ ತುಂಬ ಮನೆಗಳಲ್ಲಿದೆ. ನ್ಯಾಫ್ತಲೀನ್ ಗುಳಿಗೆಯ ಆವಿ ಬಟ್ಟೆಯಲ್ಲಿ ಕೂತಿರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಗುವಿಗೆ ಅಂಥ ಬಟ್ಟೆ ಸುತ್ತಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ವಿಪರೀತಕ್ಕೆ ಹೋಗಬಹುದು. ಜೀವಕ್ಕೆ, ಮಿದುಳಿಗೆ ಅಪಾಯವಾದ ಪ್ರಸಂಗಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಈ ಕೊರತೆ ಭಾರತದಲ್ಲಿ ಅಪರೂಪವೇನಲ್ಲ, ಪರೀಕ್ಷೆ ಮಾಡಿಸದೆ ತಿಳಿಯುವುದೂ ಇಲ್ಲ. ಆದ್ದರಿಂದ ಕೂಸಿನ ಬಟ್ಟೆಗೆ ನುಸಿಗುಳಿಗೆ ಬೇಡವೇ ಬೇಡ. ಅಷ್ಟಕ್ಕೂ ಉಣ್ಣೆ ತಿನ್ನುವ ನುಸಿಗೆ ಬೇಕಿರುವುದು ಪ್ರಾಣಿಯ ಕೂದಲು, ರೇಷ್ಮೆ. ಹತ್ತಿ, ಅಕ್ರಿಲಿಕ್ ಹೊದಿಕೆಗೆ ಅದರ ಭಯವಿಲ್ಲ. ಚೆನ್ನಾಗಿ ಒಗೆದು, ಪೂರ್ತಿ ಒಣಗಿಸಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಟ್ಟರೆ ಸಾಕು. ಮಳೆಗಾಲ ಕಳೆದ ಮೇಲೆ ಒಮ್ಮೆ ಬಿಸಿಲು ತೋರಿಸಿ.

ಉಡುಗೊರೆಯಾಗಿ ಕೊಡುವವರು ಮೊದಲೇ ಒಗೆದು ಕೊಡಿ. ಹೊಸ ದಾರದಲ್ಲಿ ಅಂಗಡಿಯ ದೂಳು, ನಮ್ಮ ಕೈಯ ಬೆವರು ಎಲ್ಲ ಇರುತ್ತದೆ. ಜೊತೆಗೆ ದಾರದ ಲೇಬಲ್ಲು, ಸಣ್ಣ ಉಂಡೆಯಷ್ಟು ಮಿಕ್ಕ ದಾರ ಇಡಿ. ಮಗು ನಡೆಯುವ ಹೊತ್ತಿಗೆ ಹೊದಿಕೆ ಎಲ್ಲಾದರೂ ಮೊಳೆಗೆ ಸಿಕ್ಕಿ ಒಂದು ಕಂಬ ಹರಿದೇ ಹರಿಯುತ್ತದೆ. ಆಗ ಹರಿದ ಎಳೆಯನ್ನು ಕತ್ತರಿಸಬಾರದು. ಎರಡೂ ತುದಿಯನ್ನು ಹಿಂಬದಿಗೆ ತಂದು, ಮಿಕ್ಕ ದಾರದಿಂದ ಆ ಕಂಬ ಹಾದ ದಾರಿಯಲ್ಲೇ ಸೂಜಿ ಆಡಿಸಿ, ಹಳೆಯ ಮತ್ತು ಹೊಸ ತುದಿಗಳನ್ನು ಪಕ್ಕದ ಚಿಪ್ಪಿನ ಬುಡದೊಳಗೆ ತೂರಿಸಿಬಿಡಬೇಕು. ಸೂಜಿಗೆಲಸ ಬರುವ ಯಾರಾದರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.